ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಎರಡು ಮಡ್‌ಗಾರ್ಡ್‌ಗಳು

"ನಾನು ಬದುಕಿರುವವರೆಗೆ, ಒಂದಕ್ಕಿಂತ ಇನ್ನೊಂದು ಹನ್ನೊಂದು ಮಿಲಿಮೀಟರ್ ಉದ್ದವಿರುವ ಮಡ್‌ಗಾರ್ಡ್ ಜೋಡಿ ಈ ಮನೆಯ ಜೀಪನ್ನು ಏರುವುದಿಲ್ಲ!"

ಅಳತೆ ಸಾಹೇಬರು ಹೀಗೆಂದು ಅಂಗಳದಲ್ಲಿ ಘೋಷಿಸಿದ್ದು ಗುರುವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ. ಎಂಟೂವರೆಗೆ ಎಂದು ಎದುರುಮನೆಯವರು ಹೇಳಿಕೊಂಡು ತಿರುಗುತ್ತಿರುವುದು ಶುದ್ಧ ತಪ್ಪು. ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿದವರು. ಈ ಅಂಗಡಿಯ ಕಿಲೋ ಆ ಅಂಗಡಿಯ ಕಿಲೋಗೆ ಸಮನಾಗಿರುವಂತೆ ಕಣ್ಣಲ್ಲಿ ಕಣ್ಣಿಟ್ಟು ಕಾದು ನಿವೃತ್ತರಾದವರು. ಅವರ ಮುಂದೆ ಸಮಯವನ್ನಾದರೂ ಸರಿಯಾಗಿ ಹೇಳಬೇಡವೇ?

ಘೋಷಣೆಗೆ ಕಾರಣವಿತ್ತು. ಅವರ ಮಗಳು ದನದ ಡಾಕ್ಟರು. ರಸ್ತೆ ಮುಗಿದ ಮೇಲೂ ಮುಂದೆ ಹೋಗಬೇಕಾದ ಕೆಲಸ. ಅದಕ್ಕೆಂದೇ ಹಳೆಯ ಜೀಪು. ಹಿಂದಿನ ವಾರ ಬಂಡೆಯೊಂದು ಜೀಪಿನ ಮುಂದಿನ ಬಲ ಚಕ್ರದ ಮಡ್‌ಗಾರ್ಡನ್ನು ಕಿತ್ತು ಹಳ್ಳಕ್ಕೆಸೆದಿತ್ತು. ಎಡಗಡೆಯದು ತುಕ್ಕಿನ ಕೃಪೆಯಿಂದ ಜರಡಿಯಾಗಿತ್ತು. ಸೋಮವಾರ ಹತ್ತು ಗಂಟೆಗೆ ವಾಹನ ತಪಾಸಣೆ. ಅಲ್ಲಿ ಪಾಸಾಗದಿದ್ದರೆ ಜೀಪು ರಸ್ತೆಗಿಳಿಯುವಂತಿಲ್ಲ. ಮಂಗಳವಾರ ಬೆಟ್ಟದ ಮೇಲಿನ ನಾನೂರು ದನಗಳಿಗೆ ಲಸಿಕೆಯಿಲ್ಲ. ಮೆಕ್ಯಾನಿಕ್ ಪಾಪ, ಒಂದು ರೆಡಿಮೇಡ್ ಜೋಡಿ ತಂದಿದ್ದ. ಸಾಹೇಬರು ಟೇಪು ಹಿಡಿದೇಬಿಟ್ಟರು!

"ಸಾರ್, ಕೆಸರು ತಡೆಯೋಕೆ ತಾನೇ ಇರೋದು? ಕೆಸರೇನು ಟೇಪು ಹಿಡಿದು ನೋಡುತ್ತಾ?"

"ಕೆಸರು ನೋಡದೆ ಇರಬಹುದು, ನಾನು ನೋಡ್ತೀನಿ. ತಗೊಂಡು ಹೋಗಯ್ಯ!"

"ಅಪ್ಪಾ, ಸೋಮವಾರ ತಪಾಸಣೆ!" ಮಗಳು ಕೂಗಿದಳು.

"ಇವತ್ತು ಗುರುವಾರ. ಫೈಬರ್‌ಗ್ಲಾಸಿನಲ್ಲಿ ನಾನೇ ಮಾಡ್ತೀನಿ."

ಬಾಗಿಲಲ್ಲಿ ನಿಂತಿದ್ದ ಅವರ ಪತ್ನಿ, ನಿವೃತ್ತ ಹೊಲಿಗೆ ಶಿಕ್ಷಕಿ, ಬೀದಿಗೆಲ್ಲ ಟೀಚರಮ್ಮ, ನಿಟ್ಟುಸಿರುಬಿಟ್ಟರು. "ಮಾಡಿ, ಮಾಡಿ. ಹೋದ ವರ್ಷ ನಲ್ಲಿ ರಿಪೇರಿ ಮಾಡಿದ್ರಿ, ಮೂರು ದಿನ ಅಡುಗೆಮನೇಲಿ ಕಾರಂಜಿ ನೋಡಿದ್ವಿ."

ಫೈಬರ್‌ಗ್ಲಾಸ್ ಎಂದರೆ ಬೇರೇನಲ್ಲ: ಗಾಜಿನ ನಾರಿನ ಹಾಸು, ಅದಕ್ಕೆ ಕುಡಿಸುವ ರೆಸಿನ್ ಎಂಬ ಅಂಟುದ್ರವ, ರೆಸಿನ್ನನ್ನು ಗಟ್ಟಿಯಾಗಿಸಲು ಚಿಟಿಕೆ ಮದ್ದು. ಸಾಹೇಬರು ಎಡಗಡೆಯ ಹಳೆಯ ಮಡ್‌ಗಾರ್ಡನ್ನು ಬಿಚ್ಚಿ, ತುಕ್ಕಿನ ತೂತುಗಳನ್ನು ಮುಚ್ಚಿ, ಮೇಣ ಸವರಿ, ಅದರ ಮೇಲೆ ಅಚ್ಚು ತೆಗೆದರು. ಆ ಅಚ್ಚಿನೊಳಗೆ ಪದರದ ಮೇಲೆ ಪದರ ಹಾಸಿ ಹೊಸದನ್ನು ರೂಪಿಸಬೇಕು.

ಇಲ್ಲೊಂದು ವದಂತಿಯನ್ನು ಖಂಡಿಸದೆ ಮುಂದುವರಿಯಲಾಗದು. ಶುಕ್ರವಾರ ಮಧ್ಯಾಹ್ನ ಅವರ ಮನೆಯಲ್ಲಿ ಬಕೆಟ್ಟು ಸ್ಫೋಟಿಸಿತು ಎನ್ನುತ್ತಾರೆ. ಅದು ಬಕೆಟ್ಟಲ್ಲ, ಅರ್ಧ ಲೀಟರಿನ ಮಗ್ಗು. ಅದು ಸ್ಫೋಟಿಸಲಿಲ್ಲ, ಹೊಗೆಯಾಡಿತು ಅಷ್ಟೇ. ಮದ್ದು ಬೆರೆಸಿದ ಮೇಲೆ ಮಿಶ್ರಣವನ್ನು ಹತ್ತು ಹದಿನೈದು ನಿಮಿಷದೊಳಗೆ ಬಳಸಬೇಕು. ಸಾಹೇಬರು ಅದರ ತೂಕ ಸರಿಯಿದೆಯೇ ಎಂದು ಮೂರನೆಯ ಸಲ ತೂಗುತ್ತಿದ್ದರು. ತಕ್ಕಡಿಯ ಮೇಲೇ ಅದು ಕಲ್ಲಾಯಿತು!

"ತೂಕ ಸರಿಯಿತ್ತಾ?" ಟೀಚರಮ್ಮ ಕೇಳಿದರು.

"ಕರಾರುವಾಕ್ಕಾಗಿತ್ತು!"

"ಹಾಗಿದ್ರೆ ಆ ಕಲ್ಲನ್ನೇ ಜೀಪಿಗೆ ಕಟ್ಟಿ."

ಆದರೂ ಸಾಹೇಬರ ಛಲ ದೊಡ್ಡದು. ಗಾಜಿನ ಪುಡಿಯಿಂದ ಮೈಯೆಲ್ಲ ತುರಿಸಿ, ಎರಡು ಕೈ ಸಾಲದೆ ಬಾಗಿಲ ಚೌಕಟ್ಟಿಗೆ ಬೆನ್ನುಜ್ಜುತ್ತ, ಶನಿವಾರ ಸಂಜೆಯ ಹೊತ್ತಿಗೆ ಅದೇ ಅಚ್ಚಿನಿಂದ ಎರಡು ಮಡ್‌ಗಾರ್ಡ್‌ಗಳನ್ನು ಬಿಡಿಸಿ ಹಜಾರದಲ್ಲಿ ಮಲಗಿಸಿದರು. ಟೇಪು ಹಿಡಿದರು. ಉದ್ದ, ಅಗಲ, ಬಾಗು, ಯಾವುದರಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ!

ಟೀಚರಮ್ಮ ತಲೆ ವಾರೆ ಮಾಡಿ ನೋಡಿದರು. "ರೀ, ಎರಡೂ ಒಂದೇ ಥರ ಇವೆಯಲ್ಲ?"

"ಅದೇ ನೋಡು! ಇದಕ್ಕೇ ನಾನು ಮೂವತ್ತೊಂದು ವರ್ಷ ಹೊಡೆದಾಡಿದ್ದು."

"ಅಲ್ಲ ರೀ, ಪೂರ್ತಿ ಒಂದೇ ಥರ..."

"ಹೊಗಳಿದ್ದು ಸಾಕು, ಬಿಡು."

ಭಾನುವಾರ ಬೆಳಿಗ್ಗೆ ಎಡಗಡೆಯದು ಜೀಪಿಗೆ ಹೇಳಿ ಮಾಡಿಸಿದಂತೆ ಕೂತಿತು. ಸಾಹೇಬರು ಬೋಲ್ಟು ಬಿಗಿದು, ವಿಜಯಿಯಂತೆ ಬಲಗಡೆಗೆ ನಡೆದರು. ಎರಡನೆಯದನ್ನು ಎತ್ತಿ ಚಕ್ರದ ಮೇಲಿಟ್ಟರು. ಜೀಪಿನ ಮೈಗೆ ಬೋಲ್ಟು ಹಾಕಬೇಕಾದ ಪಟ್ಟಿ ಬೀದಿಯ ಕಡೆ ನಿಂತಿತು. ಬೀದಿಯ ಕಡೆ ಇಳಿಯಬೇಕಾದ ಅಂಚು ಎಂಜಿನ್ನಿನ ಕಡೆ ಇಳಿಯಿತು. ಹಿಂದುಮುಂದಾಗಿ ಇಟ್ಟರು, ಟೈರಿಗೆ ಒರಗಿತು. ಬೋರಲಾಗಿ ಇಟ್ಟರು, ತೊಟ್ಟಿಲಾಯಿತು.

"ಅಪ್ಪಾ," ಎಂದಳು ಮಗಳು ಮೆಲ್ಲಗೆ, "ಇದೂ ಎಡಗಡೇದೇ."

ಸಾಹೇಬರು ಜಗುಲಿಯ ಮೆಟ್ಟಿಲ ಮೇಲೆ ಕುಸಿದರು. ಅಚ್ಚು ತೆಗೆಯಲು ಬಲಗಡೆಯದು ಹಳ್ಳದ ಪಾಲಾಗಿದೆ. ಮೆಕ್ಯಾನಿಕ್ಕನನ್ನು ತಾವೇ ಅಟ್ಟಿದ್ದಾರೆ. ಉಳಿದಿರುವುದು ಒಂದು ಹಗಲು.

"ನಾನೂರು ದನ," ಎಂದರು.

ಟೀಚರಮ್ಮ ಸೆರಗು ಸಿಕ್ಕಿಸಿದರು. "ಹೊಲಿಗೆ ಕ್ಲಾಸಿಗೆ ಹೊಸದಾಗಿ ಸೇರಿದವರೆಲ್ಲ ಎರಡೂ ತೋಳನ್ನ ಒಂದೇ ಕಡೆಗೆ ಕತ್ತರಿಸ್ತಾರೆ. ಹಾಗಂತ ಬಟ್ಟೆ ಬಿಸಾಡ್ತೀವಾ? ಮಗಳೇ, ನನ್ನ ಸೀಮೆಸುಣ್ಣ ತಾ. ರೀ, ಗರಗಸ ಕೊಡಿ."

"ಕತ್ತರಿಸ್ತೀಯಾ? ಅದರಲ್ಲಿ ವ್ಯತ್ಯಾಸ ಸೊನ್ನೆ ಕಣೇ!"

"ಅದೇ ಅದಕ್ಕೆ ಬಂದಿರೋ ರೋಗ."

ಅನಂತರ ನಡೆದದ್ದನ್ನು ಸಾಹೇಬರು ಬಾಯಿ ತೆರೆದೇ ನೋಡಿದರು. ಟೀಚರಮ್ಮ ಬೋಲ್ಟಿನ ಪಟ್ಟಿಯನ್ನೂ ಹೊರ ಅಂಚನ್ನೂ ಸೀಳಿ ತೆಗೆದರು. ನಡುವೆ ಉಳಿದದ್ದು ಬರೀ ಕಮಾನು. ಅದಕ್ಕೆ ಎಡಬಲದ ಹಂಗಿಲ್ಲ. ಆ ಕಡೆಯದನ್ನು ಈ ಕಡೆ, ಈ ಕಡೆಯದನ್ನು ಆ ಕಡೆ ಜೋಡಿಸಿ, ಅಂಟುಟೇಪಿನ ತುಂಡುಗಳಿಂದ ಕಚ್ಚಾ ಹೊಲಿಗೆ ಹಾಕಿದಂತೆ ಹಿಡಿಸಿದರು. ಜೀಪಿಗೆ ಹಚ್ಚಿ ನೋಡಿದರು, ಗಿರಾಕಿಗೆ ರವಿಕೆ ತೊಡಿಸಿ ನೋಡುವ ಹಾಗೆ. ಗಾಜಿನ ಬಟ್ಟೆಯನ್ನು ಓರೆಯಾಗಿ ಪಟ್ಟಿಪಟ್ಟಿ ಕತ್ತರಿಸಿದರು.

"ಓರೆ ಯಾಕೆ?" ಸಾಹೇಬರು ವಿದ್ಯಾರ್ಥಿಯಂತೆ ಕೇಳಿದರು.

"ನೇರ ಕತ್ತರಿಸಿದ ಬಟ್ಟೆ ತಿರುವಿನಲ್ಲಿ ಮುನಿಸಿಕೊಳ್ಳುತ್ತೆ. ಓರೆಯದು ಬಗ್ಗುತ್ತೆ. ನೀವು ಮದ್ದು ತೂಗಿ. ಒಂದೇ ಸಲ!"

ಒಂದೇ ಸಲ ತೂಗಿದರು. ಪಟ್ಟಿಗಳು ರೆಸಿನ್ ಕುಡಿದು ಜೋಡಣೆಗಳ ಮೇಲೆ ಕೂತವು. ಟೀಚರಮ್ಮ ಅಳೆದದ್ದೆಲ್ಲ ಗೇಣಿನಲ್ಲಿ, ಬೆರಳಿನಲ್ಲಿ! ಇಲಾಖೆ ಎಂದೋ ಓಡಿಸಿದ್ದ ಅಳತೆಗಳು ಸಾಹೇಬರ ಅಂಗಳದಲ್ಲೇ ಮರಳಿ ಮೆರೆದವು. ಅವರು ಕದ್ದು ಟೇಪು ಹಿಡಿದರು. ಎಡಗಡೆಯದಕ್ಕೂ ಇದಕ್ಕೂ ವ್ಯತ್ಯಾಸ ಒಂದೇ ಒಂದು ಮಿಲಿಮೀಟರ್. ಅಂಗಡಿಯವನಾಗಿದ್ದರೆ ನೋಟಿಸು ಕೊಡುತ್ತಿದ್ದರು. ಈಗ ಟೇಪನ್ನು ಸದ್ದಿಲ್ಲದೆ ಜೇಬಿಗಿಳಿಸಿದರು. ಸಂಜೆಯೊಳಗೆ ಬೆಸುಗೆ ಗಟ್ಟಿಯಾಗಿ, ಉಜ್ಜಿ ನುಣುಪಾಗಿ, ಎರಡೂ ಕಪ್ಪು ಬಣ್ಣ ಬಳಿಸಿಕೊಂಡು ನಿಂತವು.

ಸೋಮವಾರ ತಪಾಸಣೆಯ ಅಧಿಕಾರಿ ಜೀಪನ್ನು ಸುತ್ತಿದರು. ಬಲಗಡೆಯದನ್ನು ಕುಟ್ಟಿದರು, ಜಗ್ಗಿದರು, ತಲೆದೂಗಿದರು. "ಇದು ಕಂಪನಿಯದು." ಎಡಗಡೆಗೆ ಬಂದು ಹುಬ್ಬೇರಿಸಿದರು. "ಇದು ಮನೇಲಿ ಮಾಡಿದ್ದಾ? ಇಷ್ಟು ದೊಡ್ಡ ತಗ್ಗು ಬಿದ್ದಿದೆಯಲ್ಲ?"

ಸಾಹೇಬರ ಅಚ್ಚು ಎಷ್ಟು ನಿಖರವೆಂದರೆ, ಯಾವುದೋ ಗೂಳಿ ಹಳೆಯ ಮಡ್‌ಗಾರ್ಡಿಗೆ ಒದ್ದ ತಗ್ಗೂ ಅದರಲ್ಲಿ ಯಥಾವತ್ತಾಗಿ ಇಳಿದಿತ್ತು! ತಮ್ಮ ಪಾಲಿಗೆ ಬಂದದ್ದರಲ್ಲಿ ಟೀಚರಮ್ಮ ಅದನ್ನು ತುಂಬಿ ಸಮ ಮಾಡಿದ್ದರು.

ಸಾಹೇಬರು ಸುಮ್ಮನಿರಬಹುದಿತ್ತು. ಆದರೆ ಸುಳ್ಳು ದಾಖಲೆಗೆ ಅವರೆಂದೂ ಸಾಕ್ಷಿಯಾದವರಲ್ಲ. ಎದೆ ಸೆಟೆಸಿ ನಿಂತರು. "ತಪ್ಪು, ಸಾರ್. ಎರಡೂ ಮನೆಯವೇ. ತಗ್ಗಿನದು ನನ್ನದು. ಕಂಪನಿಯದು ಅಂದ್ರಲ್ಲ, ಅದು ನನ್ನ ಹೆಂಡತಿಯದು. ಗೇಣಿನಲ್ಲಿ ಅಳೆದು ಮಾಡಿದ್ದಾಳೆ. ನನ್ನ ಇಡೀ ಸರ್ವೀಸಿನಲ್ಲಿ ಇಂಥ ಕೈ ನೋಡಿಲ್ಲ."

ಅಧಿಕಾರಿ ಟೀಚರಮ್ಮನಿಗೆ ಕೈಮುಗಿದು, ಕಾಗದಕ್ಕೆ ಸಹಿ ಹಾಕಿ ಮಗಳ ಕೈಗಿತ್ತರು. "ಪಾಸು. ಮುಂದಿನ ಸಲ ಬರೋ ಹೊತ್ತಿಗೆ ಎಡಗಡೇದನ್ನೂ ಅಮ್ಮಾವರ ಕೈಲೇ ಮಾಡಿಸಿಬಿಡಿ."

"ಬೇಡ ಸಾರ್, ಅದನ್ನ ಅವರೇ ಮಾಡ್ಲಿ," ಎಂದರು ಟೀಚರಮ್ಮ, ಜೀಪು ಹತ್ತುತ್ತ. "ಈಗಿನ್ನೂ ಕೈ ಕುದುರ್ತಾ ಇದೆ."