ಎಲ್ಲ ಆಟದಲ್ಲೂ ಅದೇ ಸೈನ್ಯ

ಯುದ್ಧದಲ್ಲಿ ಶತ್ರುವಿನ ಆನೆಯ ಮೇಲೆ ಭರ್ಜಿಯವರನ್ನು ಬಿಡಬೇಕು, ಬಿಲ್ಲಿನವರನ್ನಲ್ಲ ಎಂಬುದು ಸಂಸಾರಕ್ಕೆ ಬೇಕಾಗುವ ತಿಳಿವಳಿಕೆ ಎಂದು ಮದುವೆಯ ಹೊತ್ತಿನಲ್ಲಿ ನನಗೆ ಯಾರೂ ಹೇಳಲಿಲ್ಲ. ಅಡುಗೆ ಬರುತ್ತದೆಯೇ ಎಂದು ಕೇಳಿದರು, ಹಾಡು ಬರುತ್ತದೆಯೇ ಎಂದು ಕೇಳಿದರು, ಅಷ್ಟೆ.

ನಮ್ಮ ಮನೆಯವರು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ನಾನು ಹೊಸನಗರದಲ್ಲಿ ಟೀಚರ್. ಇಡೀ ದಿನ ತಿರುವುಗಳಲ್ಲಿ ಸ್ಟೇರಿಂಗ್ ಎಳೆದು ಬಂದ ಮನುಷ್ಯ ಕಾಲು ಚಾಚಿ ಮಲಗಬೇಕಲ್ಲವೇ? ಇವರು ಕಂಪ್ಯೂಟರ್ ಮುಂದೆ ಕೂತು ರಾಜ್ಯ ಕಟ್ಟುತ್ತಿದ್ದರು. ಆಕಾಶದಿಂದ ನೋಡಿದ ಹಾಗೆ ಒಂದು ನೆಲ. ಆಳುಗಳು ಮರ ಕಡಿದು, ಚಿನ್ನ ಅಗೆದು ತಂದು ಹಾಕಬೇಕು, ಅದರಿಂದ ಕೋಟೆ, ಸೈನ್ಯ ಎಲ್ಲ ಆಗಬೇಕು, ಅಷ್ಟರಲ್ಲಿ ಶತ್ರು ಬಂದುಬಿಟ್ಟರೆ ಎಲ್ಲ ಬೂದಿ. ಇಂಥ ಆಟಗಳು ಇವರ ಬಳಿ ರಾಶಿ ಇದ್ದವು. ಒಂದರಲ್ಲಿ ರಾಜರು, ಒಂದರಲ್ಲಿ ರಾಕ್ಷಸರು, ಇನ್ನೊಂದರಲ್ಲಿ ನಕ್ಷತ್ರಲೋಕದ ಹುಳುಗಳು.

"ಎಲ್ಲಾ ಒಂದೇ ಅಲ್ವೇನ್ರೀ?" ಎಂದು ನಾನು ಕೆಣಕುತ್ತಿದ್ದೆ. "ಒಬ್ಬ ಕೂಲಿ, ಒಬ್ಬ ಹತ್ರದಿಂದ ಹೊಡೆಯೋನು, ಒಬ್ಬ ದೂರದಿಂದ ಹೊಡೆಯೋನು, ಒಂದು ಓಡೋದು, ಒಂದು ಗೋಡೆ ಒಡೆಯೋದು. ವೇಷ ಮಾತ್ರ ಬೇರೆ."

"ಎಂತ ಒಂದೇ ಮಾರಾಯ್ತಿ? ಕುದುರೆಯೂ ಹುಳವೂ ಒಂದೇನಾ?" ಎಂದು ಇವರು ಊಟ ಬಿಟ್ಟು ವಾದಕ್ಕೆ ನಿಲ್ಲುತ್ತಿದ್ದರು. ಬಡಿಸಿದ ಸಾರು ಆರಿ ತಣ್ಣಗಾಗುತ್ತಿತ್ತು.

ಒಂದು ಸಂಜೆ ಇವರು ಕೂಲಿಗಳನ್ನೇ ಸೈನಿಕರೆಂದು ತಿಳಿದು ಯುದ್ಧಕ್ಕೆ ಕಳಿಸಿದರು. ಪಾಪ, ಕೊಡಲಿ ಹೊತ್ತು ಹೋದವರು ಒಬ್ಬರೂ ಮರಳಲಿಲ್ಲ. ನಾನು ಬಿದ್ದು ಬಿದ್ದು ನಕ್ಕೆ. ಇವರು ನಗದೆ, ಪರದೆಗೆ ಮುಖ ತಾಗಿಸಿ ಕಣ್ಣುಜ್ಜಿಕೊಂಡರು. ಕೆಲವು ವಾರಗಳ ನಂತರ, ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಎದುರಿಗೇ ನಿಂತಿದ್ದ ಹಸು ಇವರಿಗೆ ಕೊನೆಯ ಗಳಿಗೆಯವರೆಗೂ ಕಾಣಲಿಲ್ಲ. ಹಸುವಿಗೇನೂ ಆಗಲಿಲ್ಲ. ಇವರು ಇಳಿದು, ಕೀಲಿಯನ್ನು ಕಂಡಕ್ಟರ್ ಕೈಗೆ ಕೊಟ್ಟು, ಮನೆಗೆ ನಡೆದು ಬಂದರು. ಕಣ್ಣಿನ ಒಳಪರದೆ ಸವೆಯುತ್ತಿದೆ, ಇದಕ್ಕೆ ಮದ್ದಿಲ್ಲ ಎಂದರು ಡಾಕ್ಟರು.

ಆಮೇಲೆ ಪರದೆಯ ಮೇಲಿನ ಸೈನ್ಯವೂ ಇವರಿಗೆ ಕಾಣದಾಯಿತು, ನಮ್ಮ ಮನೆಯಲ್ಲಿ ಸಾರು ಆರುವುದು ನಿಂತಿತು. ಇವರು ಹಾಕಿದ್ದನ್ನು ಸದ್ದಿಲ್ಲದೆ ಉಂಡು ಏಳುತ್ತಿದ್ದರು.

ಅದನ್ನು ನೋಡಲಾರದೆ ಒಂದು ಭಾನುವಾರ ಮಧ್ಯಾಹ್ನ ನಾನೇ ಕಂಪ್ಯೂಟರ್ ಮುಂದೆ ಕೂತೆ. ಇವರು ಕೊಂಡು ಇನ್ನೂ ತೆರೆಯದೇ ಇದ್ದ ಹೊಸ ಆಟವೊಂದಿತ್ತು. ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ಪುಟ್ಟ ಯಂತ್ರ ರೀ, ಬೆನ್ನಿಗೊಂದು ಡಬ್ಬ, ಕಲ್ಲು ಕೆರೀತಾ ಇದೆ."

"ಅದು ಕೂಲಿ. ಇನ್ನೂ ನಾಕು ಮಾಡ್ಕೋ."

"ದಪ್ಪದ್ದೊಂದು ಬಂತು. ಉದ್ದ ಕೊಳವೆ. ಗರ್ಭಿಣಿ ನಡೆದ ಹಾಗೆ ನಡೀತದೆ."

"ಗೋಡೆ ಒಡೆಯೋದು. ಹಿಂದೆ ಇಟ್ಕೋ, ಯಾರಾದ್ರೂ ಹತ್ರ ಬಂದ್ರೆ ಅದಕ್ಕೆ ಹೊಡೆಯೋಕಾಗಲ್ಲ."

ಎಂದೂ ಕಾಣದ ಆಟದ ಎಂದೂ ಕಾಣದ ಸೈನ್ಯವನ್ನು ಇವರು ಹೀಗೆ ಒಂದೊಂದಾಗಿ ಗುರುತು ಹಿಡಿದರು. ನಾವು ಒಂದು ಕೋಟೆಯನ್ನೂ ಗೆದ್ದೆವು. ಆಗ ಇವರು, "ನೀ ಹೇಳಿದ್ದೇ ಸರಿ ಕಣೇ. ಎಲ್ಲಾ ಒಂದೇ," ಎಂದರು. ಮದುವೆಯಾದಂದಿನಿಂದ ಇವರ ಬಾಯಲ್ಲಿ ಕೇಳಬೇಕೆಂದಿದ್ದ ಮಾತು. ಆ ವಾದದಲ್ಲಿ ನಾನೇ ಸೋತಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಜೌಗಿನೊಳಗಿಂದ ಏನೋ ಎದ್ದಿತು. ಕಾಲಿಲ್ಲ, ತಲೆಯಿಲ್ಲ. ಮುಟ್ಟಿದವರೆಲ್ಲ ಅದರೊಳಗೆ ಸೇರುತ್ತಿದ್ದರು, ಅದು ಅಗಲವಾಗುತ್ತಿತ್ತು. ಇವರಿಗೆ ಇದು ಗೊತ್ತಾಗದಿದ್ದರೆ ಎಂದು ಹೆದರಿ, ಸುಳ್ಳೇ "ಬಿಲ್ಲಿನವರು ರೀ," ಎಂದೆ.

"ಬಿಲ್ಲಿನವರಾದ್ರೆ ಬಾಣದ ಸದ್ದು ಬರ್ಬೇಕಲ್ಲ. ಎಂತದು, ಸರಿಯಾಗಿ ಹೇಳು."

"ಗೊತ್ತಿಲ್ಲ. ಯಾವುದರ ಹಾಗೂ ಇಲ್ಲ."

"ಹೌದಾ?" ಇವರು ಕುರ್ಚಿಯ ತುದಿಗೆ ಸರಿದರು. ಬಸ್ಸಿನ ಕೆಲಸ ಬಿಟ್ಟ ಮೇಲೆ ವಾದಕ್ಕೆ ನಿಲ್ಲುವ ಆ ದನಿ ನಾನು ಕೇಳಿರಲಿಲ್ಲ. "ಬಣ್ಣ ಎಂತ?"

"ಹಸಿರು."

"ಎಂಥ ಹಸಿರು? ಪಾಚಿಯದ್ದಾ, ಗದ್ದೆಯದ್ದಾ? ಹೊಳೀತದಾ?"

ವರ್ಣನೆ ಸಾಲದು ಎಂದು ಮಕ್ಕಳ ಪ್ರಬಂಧಗಳಿಗೆ ಅಂಕ ಕಳೆಯುವ ಕನ್ನಡ ಟೀಚರ್ ನಾನು. ನಮ್ಮ ಸೈನ್ಯ ಕಣ್ಣೆದುರೇ ಕರಗುತ್ತಿತ್ತು. ಕಣ್ಣು ತುಂಬಿ ನನಗೂ ಏನೂ ಕಾಣುತ್ತಿರಲಿಲ್ಲ.

"ಒಂಥರಾ ಹಸಿರು ರೀ," ಎಂದೆ.