ಸತ್ತಂತೆ ಮಲಗುವ ಮಹಾಶಯರಿಗೆ ಸೆಂಗಾ ಕೊಲ್ಲಿಯಿಂದ ಅಹವಾಲು

ಮಾನ್ಯರೇ,

ಸರೋವರದ ದಡದಲ್ಲಿರುವ ನನ್ನ ಕ್ಷೌರದಂಗಡಿಯ ಗಾಜಿನ ತೊಟ್ಟಿಯಲ್ಲಿ ವಿರಾಜಮಾನರಾಗಿ ದಿನೇ ದಿನೇ ಕೊಬ್ಬುತ್ತಿರುವ, ಕಂದು ಮಚ್ಚೆಗಳ ಕಲಿಂಗೋನೋ ಮೀನಿನವರ ಸನ್ನಿಧಾನಕ್ಕೆ ಕ್ಷೌರಿಕ ಫೋಸ್ಟಿನೊ ಕಮ್ವೆಂಡೊ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ತಮ್ಮ ಹೊಟ್ಟೆಯೇ ಹೇಳುತ್ತಿದೆ.

ತಮ್ಮನ್ನು ಆರಿಸಿ ತಂದವರು ನನ್ನ ಸೋದರಮಾವ ಚಿಪಾಲ. ನಮ್ಮಲ್ಲಿ ಮದುವೆಯಿಂದ ಹಿಡಿದು ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕು ಎನ್ನುವವರೆಗೆ ಸೋದರಮಾವನದೇ ಕೊನೆಯ ಮಾತು. ಹಾಗಾಗಿ ಬೆರಳುದ್ದದ ಹಳದಿ ಮೀನುಗಳಿದ್ದ ತೊಟ್ಟಿಗೆ ಯಾರು ಹೊಂದುತ್ತಾರೆಂಬುದನ್ನೂ ಅವರು ಗಂಡಿನ ಮನೆತನ ವಿಚಾರಿಸುವ ಶ್ರದ್ಧೆಯಿಂದಲೇ ತೀರ್ಮಾನಿಸಿದರು. "ಇವನದ್ದೂ ಇದೇ ಸರೋವರ, ಅವುಗಳದ್ದೂ ಇದೇ ಸರೋವರ. ಒಂದೇ ನೀರು ಕುಡಿದೋರು ಕಣಯ್ಯ, ಜಗಳ ಎಲ್ಲಿಂದ ಬರುತ್ತೆ?" ಎಂದರು. ಬಾಯಿ ಸ್ವಲ್ಪ ದೊಡ್ಡದಲ್ಲವೇ ಎಂದು ನನ್ನ ಹೆಂಡತಿ ಎನಿಫಾ ಅನುಮಾನಿಸಿದಾಗ, "ನಿನ್ನ ಗಂಡನ ಬಾಯಿಗಿಂತ್ಲೂನಾ?" ಎಂದು ನಕ್ಕರು. ಸರೋವರದ ಒಂದು ದಡದವರು ಇನ್ನೊಂದು ದಡದವರನ್ನು ಊಟದ ಹೊತ್ತಿನಲ್ಲಿ ಮಾತ್ರ ಭೇಟಿಯಾಗುತ್ತಾರೆಂಬುದು ಆಗ ನಮಗೆ ತಿಳಿದಿರಲಿಲ್ಲ.

ತಮ್ಮ ಕಲೆಯನ್ನು ಹೊಗಳದೆ ಮುಂದುವರಿಯುವುದು ಸರಿಯಲ್ಲ. ಮರಳಿನ ಮೇಲೆ ಮಗ್ಗುಲಾಗಿ, ಕಣ್ಣು ಕದಲಿಸದೆ, ಕೊಳೆತ ಹೆಣದ ಬಣ್ಣ ತಾಳಿ ಮಲಗುವ ತಮ್ಮನ್ನು ಕಂಡು ನಾನೇ ಮೊದಲ ದಿನ ಟೋಪಿ ತೆಗೆದಿದ್ದೆ. ಸಾವಿಗೆ ಹೋಗದವನನ್ನು ನಮ್ಮೂರು ಮನುಷ್ಯನೆಂದೇ ಎಣಿಸುವುದಿಲ್ಲ. ಅರ್ಧ ತಲೆ ಬೋಳಿಸಿಕೊಂಡ ಗಿರಾಕಿಯೂ ಸುದ್ದಿ ಬಂದರೆ ಎದ್ದು ನಡೆಯುತ್ತಾನೆ. ಇಂಥ ಊರಿನ ಮೀನುಗಳಾದ್ದರಿಂದ ಹಳದಿಯವರೂ ಒಬ್ಬೊಬ್ಬರಾಗಿ ತಮ್ಮ ಅಂತಿಮ ದರ್ಶನಕ್ಕೆ ಬಂದರು. ಸಾವಿನ ಮನೆಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದೆಂಬುದು ಪದ್ಧತಿ. ತಾವು ಕಳಿಸಲೇ ಇಲ್ಲ.

ಈಗ ಉಳಿದಿರುವುದು ಒಬ್ಬಳು ಹಳದಿ ತಾಯಿ. ತನ್ನ ಕುಲದ ರೂಢಿಯಂತೆ ಮರಿಗಳನ್ನು ಬಾಯೊಳಗೇ ಇಟ್ಟುಕೊಂಡು, ವಾರಗಟ್ಟಲೆ ಏನೂ ತಿನ್ನದೆ, ಬಂಡೆಯ ಸಂದಿನಲ್ಲಿ ಸೊರಗಿ ನಿಂತಿದ್ದಾಳೆ. ಇಂದೋ ನಾಳೆಯೋ ಬಾಯಿ ತೆರೆಯಬೇಕು. ಲೋಕ ಕಾಣದ ಆ ಮರಿಗಳು ಮೊದಲು ಹೊರಡುವುದು ತಮ್ಮ ಸಾವಿಗೇ. "ಆ ತಾಯಿಗೇನಾದ್ರೂ ಆಯ್ತೋ, ಇವನನ್ನ ಕರಿದು ನಿಮ್ಮ ಮಾವನಿಗೇ ಬಡಿಸ್ತೀನಿ ನೋಡಿ," ಎನ್ನುತ್ತಾಳೆ ಎನಿಫಾ. ಆದರೆ ಮಾವ ತಂದವರನ್ನು ಹೊರಹಾಕುವುದೆಂದರೆ ಮಾವನನ್ನೇ ಹೊರಹಾಕಿದಂತೆ. ಆದ್ದರಿಂದ ತಾವು ಕೆಲಕಾಲ ಪಾಚಿ ತಿಂದುಕೊಂಡಿರಬೇಕೆಂದೂ, ಸಾಯಲೇಬೇಕೆನಿಸಿದರೆ ಮುಂಚಿತವಾಗಿ ತಿಳಿಸಿ, ಒಮ್ಮೆ ಸತ್ತ ಮೇಲೆ ಆ ನಿರ್ಧಾರಕ್ಕೆ ಬದ್ಧರಾಗಿರಬೇಕೆಂದೂ ವಿನಂತಿಸುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಮಾವ ಗಡ್ಡ ತೆಗೆಸಲು ಬಂದರು. ತಾವು ಮಲಗಿದ್ದಿರಿ. "ಅಯ್ಯೋ, ಇವನಿಗೆ ಹುಷಾರಿಲ್ವಲ್ಲೋ! ನೋಡ್ತಾ ಕೂತಿದೀಯಲ್ಲ, ಮನುಷ್ಯನೇನೋ ನೀನು? ಕಾಯಿಲೆಯವನು ಹುಟ್ಟಿದೂರಲ್ಲಿ ಕಣ್ಣು ಮುಚ್ಚಬೇಕು," ಎಂದವರೇ ತಮ್ಮನ್ನು ನೀರಿನ ಸಮೇತ ಬೋಗುಣಿಗೆ ಬಾಚಿಕೊಂಡು ಸರೋವರದ ಕಡೆ ಓಡಿದರು. ತಾವು ಒದ್ದಾಡಿದ್ದನ್ನು ಅವರು ಕೊನೆಯುಸಿರೆಂದು ತಿಳಿದರು. ನಿಜ ಹೇಳಬಹುದಿತ್ತು, ಆದರೆ ಕದಲದೆ ಕಾಯುವುದರ ಲಾಭವನ್ನು ನಾನು ತಮ್ಮಿಂದಲೇ ಕಲಿತಿದ್ದೆ. ಸಂಜೆ ಹಳದಿ ತಾಯಿ ಬಾಯಿ ತೆರೆದಳು. ಎನಿಫಾ ಮರಿಗಳನ್ನು ಎಣಿಸಲು ಹೋಗಿ, ಅವು ಒಂದೆಡೆ ನಿಲ್ಲದ್ದರಿಂದ ಕೈಬಿಟ್ಟಳು.

ಇನ್ನು ಮುಂದೆ ತಮ್ಮ ಯಾವ ಸಾವಿಗೂ ಬಾರದ,
ತಮ್ಮ ವಿಶ್ವಾಸಿ,
ಫೋಸ್ಟಿನೊ ಕಮ್ವೆಂಡೊ

ವಿ.ಸೂ.: ನೀರಿಗಿಟ್ಟೊಡನೆ ತಾವು ಬಾಣದಂತೆ ಈಜಿ ಹೋದಿರಂತೆ. ಗುಣವಾಯಿತೆಂದು ಹಿಗ್ಗಿರುವ ಮಾವ, ತಮ್ಮನ್ನು ಮರಳಿ ಕರೆತರಲು ದೋಣಿಯವರಿಗೆ ಹೇಳಿಟ್ಟಿದ್ದಾರೆ. ಅವರು ಬಂದಾಗ ದಯವಿಟ್ಟು ಚೆನ್ನಾಗಿ ಸತ್ತು ಮಲಗಿರಿ.