ಮೀನಿನ ನೀರು, ಅಳಿಯನ ಹೊಟ್ಟೆ

ಒಳ್ಳೆಯ ಅಳಿಯ ಎಂಬ ಹೆಸರು ಪಡೆಯುವುದು ಸುಲಭವಲ್ಲ. ಕೆಲವರು ಮಾವನ ಹೊಲಕ್ಕೆ ಇಳಿದು ಪಡೆಯುತ್ತಾರೆ, ಕೆಲವರು ಭಾಮೈದನ ಮದುವೆಗೆ ಓಡಾಡಿ ಪಡೆಯುತ್ತಾರೆ. ನಾನು ಬೆರಳಿನ ಗೆಣ್ಣಿನಷ್ಟಿರುವ ಒಂದು ಮೀನಿನಿಂದ ಪಡೆದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ನನಗಿದೆ, ಅದು ಬೇರೆ ವಿಚಾರ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್ಸ್‌ಪೆಕ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ವರ್ಷಗಟ್ಟಲೆ ಅದನ್ನೇ ಮಾಡಿದವನಿಗೆ ತನ್ನಲ್ಲೂ ತಪ್ಪಿರಬಹುದೆಂಬ ಅನುಮಾನ ಸುಲಭಕ್ಕೆ ಬರುವುದಿಲ್ಲ.

ಮೀನಿನ ಹೆಸರು ನಿಯಾನ್ ಟೆಟ್ರಾ. ಮೈಯುದ್ದಕ್ಕೂ ನೀಲಿ ಗೆರೆ, ಬಾಲದ ಕಡೆಗೆ ಕೆಂಪು. ಗಪ್ಪಿ ಮೀನನ್ನು ಯಾರು ಬೇಕಾದರೂ ಮರಿ ಮಾಡಿಸಬಹುದು. ಬೇಡವೆಂದರೂ ಅವು ನಿಲ್ಲಿಸುವುದಿಲ್ಲ. ನಿಯಾನ್ ಟೆಟ್ರಾ ಹಾಗಲ್ಲ, ಬಹಳ ನಖರಾ. ಬೆಳಕು ಹೆಚ್ಚಾದರೆ ಮೊಟ್ಟೆ ಕೆಡುತ್ತದೆ, ಅದಕ್ಕೇ ನನ್ನ ಹಳೆಯ ಕಪ್ಪು ಪ್ಯಾಂಟಿನ ಹೊಲಿಗೆ ಬಿಚ್ಚಿ ತೊಟ್ಟಿಗೆ ಪರದೆ ಮಾಡಿದೆ. ಇಟ್ಟ ಮೊಟ್ಟೆಯನ್ನು ಅಪ್ಪ ಅಮ್ಮನೇ ತಿಂದುಬಿಡುತ್ತಾರೆಂದು ಅವರನ್ನು ಬೇರೆ ತೊಟ್ಟಿಗೆ ಸಾಗಿಸಿದೆ. ಇಷ್ಟೆಲ್ಲ ಮಾಡಿದರೂ ಮೊಟ್ಟೆಗಳು ಬೂಷ್ಟು ಹಿಡಿದು ಬೆಳ್ಳಗಾದವು. ನೀರಿನಲ್ಲಿ ಎಷ್ಟು ಉಪ್ಪು ಕರಗಿದೆಯೆಂದು ತೋರಿಸುವ, ಪೆನ್ನಿನಂಥ ಮೀಟರೊಂದನ್ನು ತರಿಸಿ ನಲ್ಲಿ ನೀರಿಗೆ ಅದ್ದಿದೆ. ಅಂಕಿ ನೋಡಿದ ಮೇಲೆ ಮೀನಿನ ಮೇಲಿದ್ದ ಸಿಟ್ಟು ಇಳಿಯಿತು. ನಮ್ಮ ಬೀದಿಯ ಬೋರ್‌ವೆಲ್ ನೀರಿನಲ್ಲಿ ಸೋಪೇ ನೊರೆ ಕೊಡುವುದಿಲ್ಲ, ಮೊಟ್ಟೆ ಹೇಗೆ ಒಡೆದೀತು? ಮಳೆನೀರು ಹಿಡಿಯೋಣವೆಂದರೆ ನಮ್ಮದು ನೆಲಮಹಡಿಯ ಬಾಡಿಗೆ ಮನೆ. ಮಳೆ ನಮ್ಮ ಪಾಲಿಗೆ ಬರುವುದು ಚರಂಡಿಯ ರೂಪದಲ್ಲಿ ಮಾತ್ರ.

ಆಗ ನೆನಪಾದದ್ದು ತಳಿ ಎಂಬ ಊರಿನ ಕಡೆಯ ಅತ್ತೆಮನೆ. ಹೆಂಚಿನ ಸೂರಿನಡಿ ಡ್ರಮ್ಮು ಇಟ್ಟು, ಬಾಯಿಗೆ ಬಟ್ಟೆ ಕಟ್ಟಿ ಅತ್ತೆ ಮಳೆನೀರು ಹಿಡಿಯುತ್ತಾರೆ. ಅದರಲ್ಲಿ ಕಾಳು ಬೆಣ್ಣೆಯಂತೆ ಬೇಯುತ್ತದಂತೆ. ಅದುವರೆಗೆ ಯುಗಾದಿಗೊಮ್ಮೆ, ಅದೂ ಹೆಂಡತಿ ಸುಮಾಳ ಬಲವಂತಕ್ಕೆ ಹೋಗುತ್ತಿದ್ದ ನಾನು ಒಂದು ಭಾನುವಾರ ನಾನಾಗಿಯೇ ಎರಡು ಖಾಲಿ ಡಬ್ಬ ಹಿಡಿದು ಬಸ್ಸು ಹತ್ತಿದೆ.

“ನೀರು ಯಾಕೆ ಅಳಿಯಂದ್ರೆ?” ಎಂದರು ಅತ್ತೆ. ಮೀನಿಗೆ ಎನ್ನಲು ನಾಲಿಗೆ ಏಳಲಿಲ್ಲ. “ಹೊಟ್ಟೆ ಸರಿ ಇಲ್ಲ ಅತ್ತೆ. ಹೊಸೂರು ನೀರು ಒಗ್ತಾ ಇಲ್ಲ. ಸುಮಾಗೆ ಹೇಳ್ಬೇಡಿ, ಗಾಬರಿಯಾಗ್ತಾಳೆ” ಎಂದುಬಿಟ್ಟೆ. ಅತ್ತೆ ಆ ಕ್ಷಣದಿಂದ ನನ್ನನ್ನು ರೋಗಿ ಮಾಡಿದರು. ಭಾನುವಾರ ಆ ಮನೆಯಲ್ಲಿ ನಾಟಿ ಕೋಳಿ ಸಾರು. ಭಾಮೈದ ಮಂಜ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗುವುದನ್ನು ನೋಡುತ್ತ ನಾನು ಮಜ್ಜಿಗೆ ಅನ್ನ ಉಂಡೆ. ವಾಪಸು ಬರುವಾಗ ಕಂಡಕ್ಟರು ಡಬ್ಬ ತೋರಿಸಿ, “ಪಾಲಾ ಸಾರ್?” ಎಂದು ತಮಿಳಿನಲ್ಲಿ ಕೇಳಿದ. ಹಾಲಲ್ಲ, ನೀರು ಎಂದೆ. ಆತ ಡಬ್ಬಗಳಿಗೂ ಲಗೇಜು ಟಿಕೆಟು ಹರಿದ.

ಆದರೆ ಆ ನೀರಿನಲ್ಲಿ ಮೊಟ್ಟೆ ಒಡೆಯಿತು! ಗಾಜಿಗೆ ಅಂಟಿದ ಕೂದಲ ಚೂರುಗಳಂತೆ ಮರಿಗಳು. ಕುಣಿದಾಡಿದೆ. ಮರಿಗಳಿಗೆ ಅದೇ ನೀರು ಬೇಕಲ್ಲ, ಪ್ರತಿ ಭಾನುವಾರ ಹೋಗತೊಡಗಿದೆ. ನೀರು ಬರೀ ನೆಪ, ಒಳಗೆ ಇರುವುದು ತನ್ನಮ್ಮನ ಮೇಲಿನ ಪ್ರೀತಿ ಎಂದು ಸುಮಾ ತಾನೇ ತೀರ್ಮಾನಿಸಿ, ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಹೇಳಿದಳು. ಬಾಗಲೂರಿನ ಅವಳ ಚಿಕ್ಕಮ್ಮನಂತೂ ತಮ್ಮ ಅಳಿಯನಿಗೆ ನನ್ನನ್ನು ನೋಡಿ ಕಲಿ ಎಂದರಂತೆ. ಬಂದ ಹೆಸರನ್ನು ಬೇಡವೆನ್ನುವ ಸ್ವಭಾವ ನನ್ನದಲ್ಲ.

ಒಂದು ದಿನ ವಾರದ ಮಧ್ಯೆ ಕಾರ್ಖಾನೆಗೆ ರಜೆ ಸಿಕ್ಕಿತು. ಹೇಳದೆ ಕೇಳದೆ ತಳಿಗೆ ಹೋದೆ. ಮನೆಯವರು ಊಟಕ್ಕೆ ಕೂತಿದ್ದರು. ಅತ್ತೆ ತಟ್ಟೆಯ ಅಂಚಿಗೆ ಅವರೆಕಾಳನ್ನು ಒಂದೊಂದಾಗಿ ಸರಿಸುತ್ತಿದ್ದರು. ಮಂಜ ನನ್ನನ್ನು ಕಂಡವನೇ, “ಭಾವ, ನಿಮ್ ಹೊಟ್ಟೆ ಯಾವಾಗ ಸರಿಹೋಯ್ತದೆ?” ಎಂದ. “ನಮ್ಮವ್ವ ಮಳೆನೀರೆಲ್ಲ ನಿಮ್ಗೇ ಅಂತ ಮಡಗವ್ಳೆ. ಬೋರ್ ನೀರ್ನಾಗೆ ಕಾಳು ಬೇಯಕ್ಕಿಲ್ಲ. ದಿನಾ ಕಲ್ಲು ಅಗಿದಂಗಾಯ್ತದೆ.”

“ಸುಮ್ಕಿರ್ಲಾ, ಕಾಯಿಲೆ ಮನ್ಸ ಅವ್ರು” ಎಂದು ಅತ್ತೆ ಗದರಿದರು. ಅವರಿಗೆ ಹಿಂದಿನ ಹಲ್ಲುಗಳೇ ಇಲ್ಲ. ಡ್ರಮ್ಮಿನೊಳಗೆ ಇಣುಕಿದೆ, ನನ್ನ ಎರಡು ಡಬ್ಬಕ್ಕೆ ಸಾಲುವಷ್ಟೇ ನೀರು ಉಳಿದಿತ್ತು. ಇನ್ನೂ ಸುಮ್ಮನಿದ್ದರೆ ಮನುಷ್ಯನೇ ಅಲ್ಲ ಅನಿಸಿತು.

“ಅತ್ತೆ, ನನ್ನ ಹೊಟ್ಟೆಗೆ ಏನೂ ಆಗಿಲ್ಲ. ನೀರು ಮೀನಿಗೆ.”

ಅತ್ತೆ ಕೈ ನಿಲ್ಲಿಸಿದರು. “ಮೀನ್ಗಾ? ಎಷ್ಟ್ ದಪ್ಪ ಅವೆ?” ಬೆರಳಿನ ಗೆಣ್ಣು ತೋರಿಸಿದೆ. ಮಂಜ ಗೋಡೆ ಕಡೆ ತಿರುಗಿಕೊಂಡ, ಬೆನ್ನು ಮಾತ್ರ ಕುಲುಕುತ್ತಿತ್ತು. ಬೈಗುಳಕ್ಕೆ ತಯಾರಾಗಿ ನಿಂತೆ.

“ಅಂಗಾರೆ ಹೊಟ್ಟೆ ಸೆಂದಾಕೈತಾ?”

“ಚೆನ್ನಾಗಿದೆ ಅತ್ತೆ.”

“ಸದ್ಯ. ನಾನು ಎಷ್ಟ್ ಎದ್ರುಕೊಂಡಿದ್ದೆ ಗೊತ್ತಾ? ಕೂತ್ಕೊಳ್ಳಿ” ಎಂದವರೇ ಮುದ್ದೆ ಹಾಕಿದರು. ಅದು ಮುಗಿಯುವ ಮೊದಲೇ ಇನ್ನೊಂದು ಹಾಕಿದರು. ಬೇಡವೆಂದರೆ, “ಯಾಕೆ, ಹೊಟ್ಟೆ ನೋವಾ?” ಎನ್ನುತ್ತಾರೆ. ಬೇಯದ ಕಾಳನ್ನೆಲ್ಲ ಬಾಯಿ ಮುಚ್ಚಿಕೊಂಡು ಅಗಿದೆ. ಮುಂದಿನ ವಾರ ಮಂಜನೂ ನಾನೂ ಸೇರಿ ಸೂರಿನಡಿ ಇನ್ನೊಂದು ಡ್ರಮ್ಮು ಇಟ್ಟೆವು. ಮಳೆಯೂ ಬಂತು. ಮೀನಿಗೂ ಕಾಳಿಗೂ ನೀರಾಯಿತು, ನನಗೆ ಕೋಳಿ ಸಾರಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಜಂಬಕ್ಕೆ ಊನ ಬರುತ್ತಿರಲಿಲ್ಲ. ಮೊನ್ನೆ ಸುಮಾ ಕಾಫಿಗೆ ನೀರಿಡುತ್ತ, “ರೀ, ಕುಡಿಯೋಕೆ ತರಿಸ್ತೀವಲ್ಲ ಈ ಕ್ಯಾನ್ ನೀರು, ಇದಕ್ಕೆ ಆ ಮೀಟರ್ ಇಟ್ಟು ನೋಡಿದ್ರಾ?” ಎಂದಳು. ನೋಡಿರಲಿಲ್ಲ. ಊರಿನ ನೀರಿಗೆಲ್ಲ ಮೀಟರು ಅದ್ದಿದ ನಾನು ಅಡುಗೆಮನೆಯಲ್ಲಿ ಕಣ್ಣೆದುರಿಗಿದ್ದ ಕ್ಯಾನನ್ನು ಬಿಟ್ಟಿದ್ದೆ. ಲೋಟಕ್ಕೆ ಬಗ್ಗಿಸಿ ಅದ್ದಿದೆ. ಮಳೆನೀರಿಗೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮೀನಿಗೆ ಮನೆಯ ಈ ನೀರೇ ಸಾಕಾಗುತ್ತಿತ್ತು.

“ಎಷ್ಟು ತೋರಿಸ್ತು?”

ನನ್ನ ಕಣ್ಣ ಮುಂದೆ ಅತ್ತೆ ಬಂದರು, ಮಂಜ ಬಂದ, ಎರಡನೇ ಮುದ್ದೆ ಬಂತು. ಆ ಮನೆಗೆ ಹೋಗುವುದು ನನಗೆ ಇಷ್ಟವಾಗಿಬಿಟ್ಟಿತ್ತು. ಡಬ್ಬವಿಲ್ಲದೆ ಬರಿಗೈಯಲ್ಲಿ ಪ್ರತಿ ಭಾನುವಾರ ಹೋಗಿ ನಿಲ್ಲಲು ಮಾತ್ರ ನಾಚಿಕೆ.

“ಬ್ಯಾಟರಿ ಹೋಗಿದೆ” ಎಂದೆ.

ಸುಮಾ ಮೀಟರಿನ ಕಡೆ ನೋಡಿದಳು. ಅಂಕಿ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ಎರಡು ಡಬ್ಬಗಳನ್ನು ತೊಳೆದು, ಭಾನುವಾರಕ್ಕೆಂದು ಬಾಗಿಲ ಪಕ್ಕ ಇಟ್ಟಳು. ನಮ್ಮ ಮನೆಯಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಬರುವುದು ನನಗೆ. ಕಂಡ ತಪ್ಪನ್ನು ಸುಮ್ಮನೆ ಪಾಸು ಮಾಡುವುದು ಅವಳಿಗೆ ಬರುತ್ತದೆ.